ಶಿವರಾಮನ ಹೋಮ್‌ಸ್ಟೇ ಅಂದಾಜು

ಖರ್ಚಿನ ಲೆಕ್ಕದಲ್ಲಿ ಶಿವರಾಮನನ್ನು ಮೀರಿಸುವ ಗಂಡಸು ತಾಳಗುಂದದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಸ್ವತಃ ಶಿವರಾಮನ ಅಭಿಪ್ರಾಯ! ಹೊಲದ ಅಂಚಿಗೆ ಕಟ್ಟಿಸಿದ ಹೊಸ ಮನೆಯನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಬಿಡುವುದೆಂದು ಅವನು ತೀರ್ಮಾನಿಸಿದ. ಹೆಂಡತಿ ನಯನಳಿಗೆ ಅಲ್ಲೇ ಹೊಲಿಗೆ ಕ್ಲಾಸ್ ನಡೆಸುವ ಆಸೆ. ವಾರವಿಡೀ ಇದೇ ಜಗಳ. ಕೊನೆಗೆ ರಾಜಿಯಾಯಿತು: ಮೊದಲ ಬಾಡಿಗೆಯಲ್ಲಿ ಲಾಭ ಬಂದರೆ ಮನೆ ಅತಿಥಿಗಳಿಗೆ, ನಷ್ಟವಾದರೆ ಹೊಲಿಗೆ ಮೆಷಿನ್ನಿಗೆ.

ಶಿವರಾಮ ಹಾಳೆ ತೆಗೆದು ಬರೆದ. ಅಕ್ಕಿ ನಮ್ಮದೇ, ಹಾಲು ನಮ್ಮದೇ. ಅಡುಗೆಗೆ ಅವ್ವ, ಕಸ ಗುಡಿಸಲು ಹೆಂಡತಿ. ಉಳಿದದ್ದು ಕರೆಂಟು, ಗ್ಯಾಸು, ಸೋಪು. ಒಟ್ಟು ಸಾವಿರದ ಇನ್ನೂರು!

“ಅಷ್ಟೇ ಏನ್ರೀ?” ಎಂದಳು ನಯನ.

“ಅಷ್ಟೇ! ಇದ್ರ ಮೇಲೆ ಒಂದು ಪೈಸೆ ಹೆಚ್ಚಾದ್ರೆ ನನ್ ಹೆಸ್ರು ಶಿವರಾಮ ಅಲ್ಲ.”

ಊರಿನ ಹಳೆಯ ಶಾಸನ ನೋಡಲು ದಾವಣಗೆರೆಯಿಂದ ಹನ್ನೊಂದು ಮಂದಿ ಟೀಚರಮ್ಮಂದಿರು ಬಂದಿಳಿದರು. ಎರಡು ದಿನಕ್ಕೆ ಬಾಡಿಗೆ ಆರು ಸಾವಿರ, ಊಟದ್ದು ಬೇರೆ. ಬಾಡಿಗೆ ಹಣವನ್ನು ಶಿವರಾಮ ದೇವರ ಮುಂದಿಟ್ಟು ಕೈ ಮುಗಿದ. ಮೀಸೆ ತಾನಾಗಿಯೇ ಮೇಲೆದ್ದಿತು.

ಅವರು ಹೊರಡುವ ದಿನ ಊಟದ ಬಿಲ್ಲು ಹಿಡಿದು ಹೋಗಿ ನೋಡುತ್ತಾನೆ, ಹನ್ನೊಂದೂ ಮಂದಿ ಜಗಲಿಯ ಮೇಲೆ ಸಾಲಾಗಿ ಕೂತಿದ್ದಾರೆ! ಸೀರೆಯವರು ಸೆರಗು, ಚೂಡಿದಾರದವರು ವೇಲು ಒಡ್ಡಿದ್ದಾರೆ. ಅವ್ವ ಗುಡ್ಡಮ್ಮ ಒಬ್ಬೊಬ್ಬರಿಗೂ ಉಡಿ ತುಂಬುತ್ತಿದ್ದಾಳೆ! ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮೇಲೊಂದು ರವಿಕೆಯ ಕಣ! ಶಿವರಾಮ ಅವ್ವನನ್ನು ಪಕ್ಕಕ್ಕೆ ಕರೆದ.

“ಅವ್ವಾ, ಇದಕ್ಕೆಲ್ಲ ರೊಕ್ಕ ಎಲ್ಲಿಂದ?”

“ದೇವ್ರ ಮುಂದೆ ಇತ್ತಲ್ಲೋ. ನಿನ್ನೆ ಶಿಕಾರಿಪುರಕ್ಕೆ ಹೋಗಿ ತಂದೆ. ಆರು ಸಾವ್ರ ಸಾಲ್ಲಿಲ್ಲ, ನನ್ ಗಂಟಿಂದೂ ಐನೂರು ಹಾಕೀನಿ. ಆಮೇಲೆ ಕೊಡುವಂತೆ.”

“ಅವ್ರು ಬಾಡಿಗೆ ಕೊಟ್ಟು ಇದ್ದೋರವ್ವಾ!”

“ಕೊಡ್ಲಿ. ಮನಿಗೆ ಬಂದ ಹೆಣ್ಮಕ್ಳನ್ನ ಬರೀ ಉಡೀಲಿ ಕಳಿಸ್ಲೇನೋ? ಊಟದ ರೊಕ್ಕಾನೂ ಬ್ಯಾಡ ಅಂದೀನಿ. ಉಂಡೋರ ಹತ್ರ ಕೈಯೊಡ್ಡಾಕೆ ನಾಚ್ಕಿ ಆಗಲ್ವಾ ನಿಂಗೆ?”

ಶಿವರಾಮ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿದ. ಟೀಚರಮ್ಮಂದಿರು ಅವ್ವನ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು, “ಮುಂದಿನ ಸಲ ಅಕ್ಕತಂಗೀರನ್ನೂ ಕರ್ಕೊಂಡು ಬರ್ತೀವಮ್ಮಾ” ಎಂದಾಗ ಅವನಿಗೆ ಜ್ವರವೇ ಬಂದಂತಾಯಿತು.

ವ್ಯಾನು ಹೋದ ಮೇಲೆ ಮತ್ತೆ ಲೆಕ್ಕ ಹಾಕಿದ. ಬಂದದ್ದು ಆರು ಸಾವಿರ, ಹೋದದ್ದು ಏಳು ಸಾವಿರದ ಏಳುನೂರು! ನಿಜ ಹೇಳಬೇಕೆಂದರೆ ಅವನಿಗೆ ಅಳುವೇ ಬಂತು. ಅಷ್ಟರಲ್ಲಿ ನಯನ ಹನ್ನೊಂದೂ ಕಣಗಳನ್ನು ಎದೆಗವಚಿಕೊಂಡು ಒಳಗೆ ಬಂದಳು.

“ವಾಪಸ್ ಕೊಟ್ರಾ?” ಎಂದು ಆಸೆಯಿಂದ ಕೇಳಿದ.

“ಹೊಲಿಯಾಕೆ ಕೊಟ್ರು. ಒಂದಕ್ಕೆ ನಾನ್ನೂರು. ಅರ್ಧ ಮುಂಗಡಾನೂ ಕೊಟ್ಟಾರೆ. ಎಲ್ರೀ, ಹೊಸ ಮನೆ ಬೀಗದ ಕೈ?”

ತೆಪ್ಪಗೆ ಕೊಟ್ಟ. ಅವಳು ನೂರರ ನೋಟೊಂದನ್ನು ಅವನ ಕೈಗಿಟ್ಟಳು. “ಒಂದು ರವಿಕೆಗೆ ಆರು ಹುಕ್ಕು. ಹನ್ನೊಂದಕ್ಕೆ ಆಗೋವಷ್ಟು ಪ್ಯಾಟೆಯಿಂದ ತರ್ರಿ.”

“ಹಂಗಾದ್ರೆ ಸುಮಾರು...” ಎಂದು ಶಿವರಾಮ ಬಾಯಿ ತೆರೆದ.

“ಅಯ್ಯೋ, ನೀವು ಅಂದಾಜು ಮಾಡಬ್ಯಾಡ್ರಿ! ಅಂಗಡಿಯವ್ರ ಕೈಲೇ ಎಣಿಸಿ ಇಸ್ಕಂಬರ್ರಿ!”