ನಿಲ್ಲಿಸಲು ಬಾರದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಮೂವತ್ತು ಜನ ಪ್ರಾಣಸ್ನೇಹಿತರು. ಒಬ್ಬರ ಮುಖವನ್ನೂ ಅವರು ನೋಡಿರಲಿಲ್ಲ! ಅರವತ್ತು ದಾಟಿದ ಮನುಷ್ಯ, ಆಸ್ಟ್ರೇಲಿಯಾದ ಪರ್ತ್ ಕಡೆಯ ಗಣಿಗಳಲ್ಲಿ ಕಲ್ಲು ಪರೀಕ್ಷಿಸಿ ನಿವೃತ್ತರಾದ ಭೂವಿಜ್ಞಾನಿ, ಬೆಳಗೆದ್ದು ಹಲ್ಲುಜ್ಜುವ ಮೊದಲೇ ಕಂಪ್ಯೂಟರ್ ಮುಂದೆ ಹಾಜರು. ಷೇರು ಮಾರುಕಟ್ಟೆ ನೋಡಲಿಕ್ಕಲ್ಲ, ಸ್ವಾಮಿ! ಅಮೆರಿಕದ ಬೆಟ್ಟಗಾಡಿನವರು ಅಜ್ಜಂದಿರ ಕಾಲದಿಂದ ಪಿಟೀಲು, ಬ್ಯಾಂಜೋಗಳಲ್ಲಿ ನುಡಿಸುತ್ತ ಬಂದ ‘ಓಲ್ಡ್ ಟೈಮ್’ ಮಟ್ಟುಗಳಿವೆಯಲ್ಲ, ಅವುಗಳ ಹುಚ್ಚು ಹಿಡಿದವರ ಆನ್‌ಲೈನ್ ಕೂಟಕ್ಕೆ. ಮೈಸೂರಿನ ಪಿಟೀಲಿಗೂ ಅದಕ್ಕೂ ಏನು ಸಂಬಂಧ, ನೀವೇ ಹೇಳಿ?

ಸಂಬಂಧ ಇಷ್ಟೇ. ಚಿಕ್ಕಮ್ಮ ಹಾಡುತ್ತಿದ್ದರು, ಚಿಕ್ಕಪ್ಪ ಪಕ್ಕದಲ್ಲಿ ಕೂತು ಪಿಟೀಲು ನುಡಿಸುತ್ತಿದ್ದರು. ಪರ್ತ್ ಕನ್ನಡಿಗರ ಯಾವ ಗಣೇಶನ ಹಬ್ಬವೂ ಇವರಿಬ್ಬರಿಲ್ಲದೆ ಮುಗಿದದ್ದಿಲ್ಲ. ಚಿಕ್ಕಮ್ಮ ತೀರಿಕೊಂಡ ಮೇಲೆ ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯ ಆ ಮನೆಯಲ್ಲಿ ಎಂಟು ತಿಂಗಳು ಪಿಟೀಲಿನ ಪೆಟ್ಟಿಗೆ ತೆರೆಯಲಿಲ್ಲ. ಬೇರೆ ಹಾಡುಗಾರರು ಕರೆದರೆ "ಕೈನೋವು" ಎಂದುಬಿಡುತ್ತಿದ್ದರು. ಈ ಮನುಷ್ಯ ಇನ್ನು ಯಾರ ಜೊತೆಗಾದರೂ ನುಡಿಸುತ್ತಾರೋ ಇಲ್ಲವೋ ಎಂಬುದೇ ಬ್ರಿಸ್ಬೇನ್‌ನಲ್ಲಿದ್ದ ನನ್ನ ಚಿಂತೆ. ಹಾಗಾಗಿ ಒಂದು ದಿನ ಫೋನಿನಲ್ಲಿ "ಒಂದು ಗ್ರೂಪ್ ಸಿಕ್ಕಿದೆ ಕಣೆ" ಎಂದಾಗ, ನಮ್ಮ ನಾರ್ತ್ ಲೇಕ್ಸ್‌ನ ಅಂಗಡಿ ಮುಂದೆ ತರಕಾರಿ ಚೀಲ ಹಿಡಿದು ನಿಂತಲ್ಲೇ ಅತ್ತುಬಿಟ್ಟೆ.

ಕೂಟಕ್ಕೆ ಸೇರಿ ಮೊದಲು ಬರೆದದ್ದೇನು ಗೊತ್ತೇ? ತಮ್ಮ ಗುರುಗಳ ಹೆಸರು, ಗುರುಗಳ ಗುರುಗಳ ಹೆಸರು, ಹಿರಿಯರಿಗೆಲ್ಲ ನಮಸ್ಕಾರ, ಕಲಿಯಲು ಅಪ್ಪಣೆಯಾಗಬೇಕು! ಅಡಿಲೇಡ್‌ನ ಬ್ಯಾಂಜೋ ಅಜ್ಜನೊಬ್ಬ, "ನೋ ವರೀಸ್ ಮೇಟ್, ಜಸ್ಟ್ ಪ್ಲೇ" ಎಂದು ಉತ್ತರ ಕೊಟ್ಟ.

"ಅಪ್ಪಣೆ ಕೇಳಿದ್ರೆ ಹೀಗಾ ಕೊಡೋದು?" ಎಂದು ನನಗೆ ದೂರು.

ವಾರಕ್ಕೊಂದು ಮಟ್ಟು, ಎಲ್ಲರೂ ಅದನ್ನೇ ನುಡಿಸಿ, ದನಿಯಷ್ಟನ್ನೇ ರೆಕಾರ್ಡ್ ಮಾಡಿ ಕೂಟದಲ್ಲಿ ಹಾಕಬೇಕು. ನಮ್ಮವರು ಅಭ್ಯಾಸಬಲದಿಂದ ಗಮಕ ಸೇರಿಸಿದರು. ನಿಮ್ಮ ಪಿಟೀಲಿಗೆ ಚಳಿಜ್ವರ ಬಂದಿದೆಯೇ ಎಂದು ಯಾರೋ ಕೇಳಿದರಂತೆ!

ಕೊನೆಗೊಮ್ಮೆ ಎಲ್ಲರೂ ಅಡಿಲೇಡ್‌ನ ಪಾರ್ಕೊಂದರಲ್ಲಿ ಸೇರುವುದೆಂದಾಯಿತು. "ಒಬ್ಬನೇ ಹೋಗೋಕೆ ಭಯ ಆಗತ್ತೆ, ಬಾರೆ" ಎಂದರು. ಹೋದೆ. ಅಲ್ಲಿಯ ಪದ್ಧತಿಯೇ ಬೇರೆ. ಎಲ್ಲರೂ ಸುತ್ತ ಕೂತು ಒಂದೇ ಮಟ್ಟನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಶುರು ಮಾಡಿದವರು ಒಂದು ಪಾದ ಮೇಲೆತ್ತಿದರೆ ಅದು ಕೊನೆಯ ಸುತ್ತು, ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಹೊಸಬರೆಂಬ ಗೌರವಕ್ಕೆ ಆ ಬ್ಯಾಂಜೋ ಅಜ್ಜ ಚಿಕ್ಕಪ್ಪನನ್ನೇ ಶುರು ಮಾಡಲು ಕೇಳಿದ. ಅವರೆಲ್ಲ ಕುರ್ಚಿಗಳಲ್ಲಿ. ಇವರೋ ಕಚೇರಿಯಲ್ಲಿ ಕೂರುವಂತೆ ಹುಲ್ಲಿನ ಮೇಲೆ ಕಾಲು ಮಡಿಸಿ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿದ್ದಾರೆ! ಪಾದ ಎತ್ತುವುದು ಹೇಗೆ?

ಹತ್ತು ನಿಮಿಷವಾಯಿತು. ಹದಿನೈದಾಯಿತು. ಬ್ಯಾಂಜೋ ಅಜ್ಜನ ಮುಖ ಟೊಮೆಟೊ ಹಣ್ಣಾಯಿತು. "ಮೇಟ್, ಯುವರ್ ಫುಟ್!" ಎಂದು ಕೂಗಿಕೊಂಡ. ಚಿಕ್ಕಪ್ಪ ಕಣ್ಣುಮುಚ್ಚಿ ನುಡಿಸುತ್ತಲೇ ಇದ್ದರು. ಕೊನೆಗೆ ನಾನೇ ಚಪ್ಪಲಿ ಸಮೇತ ನನ್ನ ಪಾದ ಎತ್ತಿ ಹಿಡಿದೆ. ಎಲ್ಲರೂ ನಿಲ್ಲಿಸಿ ಉಸ್ಸಪ್ಪಾ ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ತಲೆನಾದ್ರೂ ಆಡಿಸ್ಬಾರ್ದಾಗಿತ್ತಾ ಚಿಕ್ಕಪ್ಪಾ? ಪಾಪ, ಆ ಅಜ್ಜ ಇಲ್ಲೇ ಹೋಗ್ಬಿಡ್ತಿದ್ರು!"

ಅವರು ತಂತಿಗಳನ್ನು ಬಟ್ಟೆಯಿಂದ ಒರೆಸುತ್ತಾ ಹೇಳಿದರು. "ಪಕ್ಕವಾದ್ಯದವನು ಕಣೆ ನಾನು. ಯಾವತ್ತೂ ನಿಲ್ಲಿಸಿದೋನಲ್ಲ. ಅವಳು ಮುಗಿಸಿದ್ಮೇಲೆ ನಾನು ಮುಗಿಸ್ತಿದ್ದೆ, ಅಷ್ಟೇ."

"ಅದ್ಸರಿ, ಆದ್ರೆ..."

"ಒಂದೇ ಒಂದು ಸಲ ನನ್ನನ್ನ ಕೇಳಿದ್ರು. ಆಸ್ಪತ್ರೆಲಿ, ಡಾಕ್ಟ್ರು. ಅವಳ ಉಸಿರಿನ ಮಿಷಿನ್ ನಿಲ್ಲಿಸ್ಬಹುದಾ ಅಂತ. ಹೂಂ ಅಂದ್ಬಿಟ್ಟೆ."

ಚಿಕ್ಕಮ್ಮ ನಿದ್ದೆಯಲ್ಲೇ ಹೋದರೆಂದು ನಮಗೆಲ್ಲ ಹೇಳಿದ್ದವರು ಇವರೇ. ಇಷ್ಟು ದಿನ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತೆ.

ಅಜ್ಜ ಎರಡು ಲೋಟ ಚಹಾ ತಂದಿಟ್ಟು, "ಅನದರ್ ಒನ್?" ಎಂದ.

ಚಿಕ್ಕಪ್ಪ ಪಿಟೀಲು ತೆಗೆದುಕೊಂಡರು. "ನೀವೇ ಶುರು ಮಾಡಿ, ನೀವೇ ನಿಲ್ಲಿಸಿ. ನಾನು ಹಿಂದೆ ಬರ್ತೀನಿ" ಎಂದು ಅವನಿಗೆ ಕನ್ನಡದಲ್ಲೇ ಹೇಳಿಬಿಟ್ಟರು.

ಅವನಿಗೆ ಏನು ಅರ್ಥವಾಯಿತೋ, ಒಂದು ಕ್ಷಣ ಇವರ ಮುಖ ನೋಡಿದ. ಆಮೇಲೆ ತನ್ನ ಕುರ್ಚಿಯನ್ನು ಇವರ ಹತ್ತಿರಕ್ಕೆ ಎಳೆದುಕೊಂಡು, ಮೆಲ್ಲಗೆ ಶುರು ಮಾಡಿದ.