ಮೇಜಿಗೂ ನೋವಾಗುತ್ತದೆ

"ಢಬ್!"

ಆಮೇಲೆ ಒಂದು ಮೌನ. ಚಿಕ್ಕ ಮಕ್ಕಳಿರುವ ಮನೆಯವರಿಗೆಲ್ಲ ಈ ಮೌನದ ಪರಿಚಯವಿದೆ. ಬಿದ್ದ ಮಗು ಅಳುವುದಕ್ಕೆ ಬೇಕಾದ ಉಸಿರನ್ನೆಲ್ಲ ಒಳಗೆ ಎಳೆದುಕೊಳ್ಳುವ ಹೊತ್ತು ಅದು. ಮೌನ ಎಷ್ಟು ಉದ್ದವೋ ಮುಂದಿನ ಆಲಾಪನೆಯೂ ಅಷ್ಟೇ ಉದ್ದ. ಅಷ್ಟರೊಳಗೆ ಓಡಿ ತಲುಪಿದವನು ಬದುಕಿದ.

ನಾನು ಬಡಗಿ. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮೂರೂವರೆ ವರ್ಷದ ಮಗಳನ್ನು ನಾವು ಸಾಸಿವೆ ಎಂದು ಕರೆಯುತ್ತೇವೆ. ಕಾಳು ಸಣ್ಣದು, ಸಿಡಿದರೆ ಹತ್ತಿರ ನಿಲ್ಲುವಂತಿಲ್ಲ. ಅವಳು ಎಲ್ಲಿ ಎಡವಿದರೂ ನಾನು ಉಳಿ ಕೆಳಗಿಟ್ಟು ಓಡುತ್ತಿದ್ದೆ. ಎತ್ತಿಕೊಳ್ಳುವುದು ಆಮೇಲೆ, ಮೊದಲು ಎಡವಿಸಿದ ವಸ್ತುವಿಗೆ ಫಟಾರನೆ ಒಂದು ಬಾರಿಸುತ್ತಿದ್ದೆ. "ನನ್ನ ಕಂದನಿಗೆ ನೋವು ಮಾಡ್ತೀಯಾ? ತಗೋ! ಇನ್ನೊಂದು ತಗೋ!" ಮಗಳು ಬಿಕ್ಕುತ್ತಲೇ ನಗುತ್ತಿದ್ದಳು. ಮೇಜು, ಸ್ಟೂಲು, ಹೊಸ್ತಿಲು, ಬೀರುವಿನ ಬಾಗಿಲು, ಹೀಗೆ ನನ್ನ ಕೈಯಿಂದಲೇ ಹುಟ್ಟಿ ನನ್ನ ಕೈಯಿಂದಲೇ ದಂಡಿತರಾದ ಅಪರಾಧಿಗಳು ನಮ್ಮ ಮನೆಯ ತುಂಬ ಇದ್ದರು. (ಕಬ್ಬಿಣದ ಗೇಟಿಗೆ ಹೊಡೆದ ದಿನ ಮಗಳು ಬೇಗ ಸುಮ್ಮನಾದಳು. ನಾನು ಸುಮ್ಮನಾಗಲು ಸ್ವಲ್ಪ ಹೊತ್ತು ಹಿಡಿಯಿತು.)

ಈ ಘನ ನ್ಯಾಯಪದ್ಧತಿ ನಮ್ಮ ಮನೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ಮಗಳ ಜೊತೆ ಶಿಶುವಿಹಾರಕ್ಕೂ ಹೋಯಿತು. ಅಲ್ಲಿ ಗುಂಗುರು ಕೂದಲಿನ ಹುಡುಗನೊಬ್ಬ ಓಡಿಬಂದು ಇವಳಿಗೆ ಡಿಕ್ಕಿ ಹೊಡೆದ. ಇವಳು ಎದ್ದು ಕೂತು, ಅಳದೆ, ಟೀಚರ ಮುಖ ನೋಡಿ "ಹೊಡೀರಿ" ಎಂದಳಂತೆ. ಟೀಚರು ಹೊಡೆಯಲಿಲ್ಲ. ದೊಡ್ಡವರು ಕರ್ತವ್ಯ ಮರೆತರೆ ಚಿಕ್ಕವರು ಏನು ಮಾಡಬೇಕು? ತಾನೇ ಬಾರಿಸಿದಳು. ಮರುದಿನ ಇನ್ನೊಬ್ಬಳು ಕಾಲು ತುಳಿದಳು. ಅವಳಿಗೂ ನ್ಯಾಯ ಸಿಕ್ಕಿತು.

ಟೀಚರು ನನ್ನನ್ನು ಕರೆಸಿದರು. "ನಿಮ್ಮ ಮಗಳು ಕೆಟ್ಟವಳಲ್ಲ. ಆದ್ರೆ ಬೇರೆ ಮಕ್ಕಳ ತಾಯಂದಿರು ದಿನಾ ನನ್ನ ಬಾಗಿಲಲ್ಲಿ ನಿಂತಿರ್ತಾರೆ. ಸೋಮವಾರ ಬರೋವಾಗ ಸ್ವಲ್ಪ ದಯೆ ಕಲಿಸಿ ಕರ್ಕೊಂಡು ಬನ್ನಿ. ಇನ್ನೊಂದು ಏಟು ಬಿತ್ತೂ ಅಂದ್ರೆ ಅವಳನ್ನ ಇಟ್ಕೊಳ್ಳೋಕೆ ನನ್ನಿಂದ ಆಗಲ್ಲ."

ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದವಳು ಪೆಟ್ಟಿಗೆಯನ್ನು ಎತ್ತಿ ಹಿಡಿದೇ ನನ್ನತ್ತ ತಿರುಗಿದಳು.

"ಶಿಶುವಿಹಾರ ತಪ್ಪಿದ್ರೆ ನಿಮ್ಮ ಉಳಿ-ಗರಗಸದ ನಡುವೆ ಇವಳನ್ನ ಬಿಡೋಕಾಗತ್ತಾ? ನಾನೇ ಕೆಲಸ ಬಿಡ್ಬೇಕು. ಈಗ ತಾನೇ ವಾಪಸ್ ಸೇರಿದ್ದೀನಿ. ಬಿಡಲ್ಲ ಅಂದ್ರೆ ಬಿಡಲ್ಲ."

"ಅದಕ್ಕೆ ನಾನೇನು ಮಾಡ್ದೆ?"

"ಏನೂ ಮಾಡ್ಲಿಲ್ವಾ? ಪಾಪ, ಆ ಮೇಜನ್ನ ಕೇಳಿ."

"ಅಲ್ವೇ, ನಾನು ಬಿದ್ದಾಗ ನಮ್ಮಪ್ಪಾನೂ ಹೀಗೇ ಸಮಾಧಾನ ಮಾಡ್ತಿದ್ದಿದ್ದು!"

"ಅದಕ್ಕೇ ಹೀಗಾಗಿದ್ದೀರ. ಕೆಡಿಸಿದವರು ನೀವು, ರಿಪೇರಿನೂ ನೀವೇ ಮಾಡಿ."

ರಿಪೇರಿ ನನ್ನ ಕಸುಬು. ಮಗಳನ್ನು ಮೇಜಿನ ಮುಂದೆ ಕೂರಿಸಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಕರುಣಾಬೋಧೆಗೆ ತೊಡಗಿದೆ. "ನೋಡು ಕಂದಾ, ಮೇಜು ಬೇಕಂತ ಮಾಡಿದ್ದಲ್ಲ. ಹೊಡೆದ್ರೆ ಅದಕ್ಕೂ ನೋವಾಗತ್ತೆ. ಹೊಡೀಬಾರ್ದು, ಸವರ್ಬೇಕು."

ಅವಳು ಮೇಜನ್ನು ಬಹಳ ಹೊತ್ತು ನೋಡಿದಳು.

"ನೀನು ಹೊಡ್ದಾಗ ಅದು ಯಾಕಪ್ಪ ಅಳ್ಲಿಲ್ಲ?"

"ಅದಕ್ಕೆ ಬಾಯಿಲ್ವಲ್ಲ."

"ಬಾಯಿಲ್ದೇ ಇದ್ರೆ ಒಳಗೇ ಅಳತ್ತಾ?"

ಬುದ್ಧಿ ಬಂದಾಗಿನಿಂದ ಮರದ ಜೊತೆಗೇ ಬದುಕಿದ್ದೇನೆ. ಗಂಟು, ಎಳೆ, ಬಿರುಕು ಎಲ್ಲ ಬಲ್ಲೆ. ಈ ಪ್ರಶ್ನೆಯನ್ನು ಮಾತ್ರ ಒಂದು ಹಲಗೆಗೂ ಕೇಳಿರಲಿಲ್ಲ. ಅವಳು ಕೆನ್ನೆಯನ್ನು ಮೇಜಿಗೆ ಒತ್ತಿ, ಕಿವಿಯಿಟ್ಟು, ಕಣ್ಣು ಮುಚ್ಚಿ ಆಲಿಸಿದಳು. ನಾನೂ ಬಗ್ಗಿ ಇನ್ನೊಂದು ಮೂಲೆಗೆ ಕಿವಿಯಿಟ್ಟೆ.

"ಅಳ್ತಿದೆ," ಎಂದಳು ಮೆಲ್ಲಗೆ.

ಅಲ್ಲಿಗೆ ನನ್ನ ಪಾಠ ಮುಗಿದು ಅವಳ ಪಾಠ ಶುರುವಾಯಿತು. ನನ್ನ ಬೆರಳು ಹಿಡಿದು ಮನೆಯೆಲ್ಲ ಸುತ್ತಿಸಿದಳು. ನಾನು ಎಂದೋ ಹೊಡೆದು ಮರೆತದ್ದೆಲ್ಲ ಅವಳಿಗೆ ನೆನಪಿತ್ತು. "ಇಲ್ಲಿ ಜೋರಾಗಿ ಹೊಡ್ದೆ. ಸವರು." ಸವರಿದೆ. "ಇಲ್ಲಿ ಕಾಲಲ್ಲಿ ಒದ್ದೆ. ತಪ್ಪಾಯ್ತು ಅನ್ನು." ಅಂದೆ. ನಾನು ಗೇಟನ್ನು ಅಪ್ಪಿಕೊಂಡು ಕ್ಷಮೆ ಕೇಳುತ್ತಿದ್ದ ಹೊತ್ತಿಗೇ ಎದುರುಮನೆಯ ಯಜಮಾನರು ಹೊರಗೆ ಬಂದರು. ನೋಡಿ, ಬಂದ ಹಾಗೇ ಒಳಗೆ ಹೋದರು. (ಈಗ ನನ್ನನ್ನು ಕಂಡರೆ ತುಂಬ ಮೃದುವಾಗಿ ಮಾತನಾಡಿಸುತ್ತಾರೆ.)

ಮರುದಿನ ಕೆಲಸಕ್ಕೆ ಕೂತು ಸುತ್ತಿಗೆ ಎತ್ತಿದರೆ ಹಲಗೆಯ ಮೇಲೆ ಒಂದು ಪುಟ್ಟ ಅಂಗೈ. "ಮೊಳೆ ಚುಚ್ಚತ್ತೆ ಅಪ್ಪ." ಬೈದರೆ ಕಲಿಸಿದ ದಯೆ ಹಾಳು, ಹೊಡೆದರೆ ಹಲಗೆಗೆ ನೋವು! ಸುತ್ತಿಗೆ ಕೆಳಗಿಟ್ಟೆ. ಕಪಾಟು ಕೇಳಿಕೊಂಡು ಬಂದ ಗಿರಾಕಿಗೆ ಅವಳೇ ಸಮಜಾಯಿಷಿ ಕೊಟ್ಟಳು: "ಮರಕ್ಕೆ ಗಾಯ ಆಗಿದೆ ಮಾಮ. ವಾಸಿ ಆದ್ಮೇಲೆ ಬನ್ನಿ." ನಿಜಕ್ಕೂ ಹಲಗೆಯ ತುಂಬ ಬ್ಯಾಂಡೇಜು. ಹೆಂಡತಿ ತನ್ನ ಗಾಜ್ ಬಟ್ಟೆಯ ಸುರುಳಿ ಖಾಲಿಯಾಗಿದ್ದನ್ನು ನೋಡಿದಳು, ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಚೆನ್ನಾಗೇ ಕಟ್ಟಿದಾಳೆ," ಎಂದಳು. "ಆದ್ರೆ ಮರಕ್ಕೆ ದಯೆ ತೋರಿಸಿದ್ರೆ ಸಾಕಾ? ಆ ಹುಡುಗಂಗೆ?"

ಹುಡುಗನ ವಿಷಯ ನಾನು ಕಲಿಸಿಯೇ ಇರಲಿಲ್ಲ.

ಸೋಮವಾರ ಮೂವರೂ ಹೋದೆವು. ಹೆಂಡತಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮಗಳು ಉಳಿದರೆ ಆಸ್ಪತ್ರೆಗೆ, ಇಲ್ಲದಿದ್ದರೆ ಮನೆಗೆ. ಅಂಗಳದಲ್ಲಿ ಟೀಚರು, ಸುತ್ತ ತಾಯಂದಿರು. ಮಗಳ ಕೈಬಿಟ್ಟದ್ದೇ ತಡ, ಅತ್ತಲಿಂದ ಗುಂಗುರು ಕೂದಲಿನವನು ಬಾಣದ ಹಾಗೆ ಬಂದ. ಹಣೆಗೆ ಹಣೆ ತಾಕಿತು. ಇಬ್ಬರೂ ಬಿದ್ದರು.

ಹುಡುಗ ಕೂಗಿಕೊಂಡ. ಮಗಳು ಎದ್ದು ನಿಂತಳು. ಹಣೆ ಆಗಲೇ ಊದುತ್ತಿತ್ತು. ಹೆಂಡತಿ ನನ್ನ ತೋಳನ್ನು ಹಿಂಡಿದಳು. ಮಗಳ ಕೈ ಮೇಲೆದ್ದಿತು. ನನಗೆ ಅಷ್ಟು ಚಿಕ್ಕ ಕೈ ಅಷ್ಟು ಎತ್ತರಕ್ಕೆ ಹೋದದ್ದನ್ನು ನೋಡಿದ ನೆನಪಿಲ್ಲ. ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ, ಎಲೆಯೊಂದು ನೀರಿನ ಮೇಲೆ ಇಳಿಯುವಂತೆ, ಅವನ ಗುಂಗುರು ಕೂದಲಿನ ಮೇಲೆ ಇಳಿಯಿತು.

"ಪಾಪ," ಎಂದಳು. "ನೀನು ಬೇಕಂತ ಮಾಡ್ಲಿಲ್ಲ ಅಲ್ವಾ?" ಅವಳದೇ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಅವನ ಹಣೆಗೆ ಉಫ್ ಎಂದು ಊದಿದಳು.

ಇದನ್ನು ನಾನು ಕಲಿಸಿರಲಿಲ್ಲ. ತನ್ನ ನೋವನ್ನು ಪಕ್ಕಕ್ಕಿಟ್ಟು ಇನ್ನೊಬ್ಬರ ನೋವಿಗೆ ಊದುವುದು ನನಗೇ ಬರುವುದಿಲ್ಲ, ಕಲಿಸುವುದೆಲ್ಲಿಂದ ಬಂತು?

ಆದರೆ ಹುಡುಗ ಅಳು ನಿಲ್ಲಿಸಲಿಲ್ಲ. ಸವರಿದಳು, ಊದಿದಳು, ಜಗ್ಗಲಿಲ್ಲ. ಮಗಳು ಯೋಚಿಸಿದಳು. ನೆಲ ನೋಡಿದಳು, ಬೇಡವೆಂದು ತಲೆಯಾಡಿಸಿದಳು. ಬೆಂಚು ನೋಡಿದಳು, ಅದೂ ಬೇಡ. ಆಮೇಲೆ ಕಣ್ಣು ನನ್ನ ಮೇಲೆ ಬಿತ್ತು. ಮುಖ ಅರಳಿತು. ಹುಡುಗನ ಕೈ ಹಿಡಿದು ಎಳೆದುಕೊಂಡು ಬಂದಳು.

"ಅಳ್ಬೇಡ. ನಮ್ಮಪ್ಪಂಗೆ ಹೊಡಿ. ನಮ್ಮಪ್ಪ ಗಟ್ಟಿ."

ಹುಡುಗ ಸಂಶಯದಿಂದ ನನ್ನ ಮೊಣಕಾಲಿಗೆ ಒಂದು ಗುದ್ದಿದ. "ಇನ್ನೊಂದು," ಎಂದು ಮಗಳು ಹುರಿದುಂಬಿಸಿದಳು. ಇನ್ನೊಂದು ಬಿತ್ತು. ಬಿಕ್ಕುತ್ತಲೇ ನಕ್ಕ. ಅಷ್ಟರಲ್ಲಿ ಮೊಣಕೈ ತರಚಿಕೊಂಡಿದ್ದ ಇನ್ನೊಬ್ಬಳೂ ಬಂದು ಹಿಂದೆ ನಿಂತಳು.

"ಬಗ್ಗಿ ರೀ," ಎಂದಳು ಹೆಂಡತಿ, "ಪಾಪ, ಆ ಮಗುಗೆ ಎಟಕ್ತಿಲ್ಲ." ಹಾಗೆಂದವಳು ಗಡಿಯಾರ ನೋಡಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು.

ಟೀಚರು ಕಣ್ಣೊರೆಸಿಕೊಂಡರು. "ಇಂಥ ಮಗು ಇಲ್ಲೇ ಇರ್ಬೇಕು. ನಿಮಗೆ ದಿನಾ ಬರೋಕಾಗತ್ತಾ?"

ನಾನು ಬಗ್ಗಿ ಮಗಳ ಕಿವಿಯಲ್ಲಿ ಹೇಳಿದೆ: "ಕಂದಾ, ಅಪ್ಪಂಗೂ ನೋವಾಗತ್ತೆ ಕಣೇ."

"ಗೊತ್ತು," ಎಂದಳು. "ಮನೆಗೆ ಬಂದ್ಮೇಲೆ ಸವರ್ತೀನಿ."

"ಈಗಲೇ ಒಂಚೂರು ಸವರಿದ್ರೆ..." ಎಂದು ನಾನು ಶುರು ಮಾಡಿದೆ. ಅವಳು ಆಗಲೇ ಗುಂಗುರು ಕೂದಲಿನವನ ಹೆಗಲ ಮೇಲೆ ಕೈಹಾಕಿಕೊಂಡು ಮರಳಗುಡ್ಡೆಯ ಕಡೆ ನಡೆದಾಗಿತ್ತು.