ಬೆಟ್ಟದ ಸೈಕಲ್ಲೂ ಭಾವಮೈದುನನ ಚೀಲವೂ

ಎಲ್ಲ ಕೆಟ್ಟಿದ್ದು ಆ ಚೀಲದಿಂದ. ಬೆಳಗ್ಗೆ ತನ್ನ ಚೀಲದ ಜಿಪ್ಪು ಕಿತ್ತುಬಂತೆಂದು ಪುರಸಭೆಯ ಗುಮಾಸ್ತ, ತೆರಿಗೆ ಕಚೇರಿಯಲ್ಲಿರುವ ಭಾವಮೈದುನ ಬಿಟ್ಟುಹೋಗಿದ್ದ ಚೀಲವನ್ನು ಹೆಗಲಿಗೇರಿಸಿ ಹೊರಟ. ಅದರ ಮೇಲೆ ಆ ಕಚೇರಿಯ ಮುದ್ರೆ ಅಂಗೈಯಗಲ ಇತ್ತು. ಅವನು ಗಮನಿಸಲಿಲ್ಲ, ಊರು ಗಮನಿಸಿತು.

ಬೆಟ್ಟದ ಸೈಕಲ್ ಪಂದ್ಯದಿಂದ ಊರಿಗೆ ಎಷ್ಟು ಲಾಭವೆಂದು ಅಂಗಡಿಯವರನ್ನೂ ಸವಾರರಿಗೆ ಕೋಣೆ ಕೊಟ್ಟವರನ್ನೂ ಕೇಳಿ, ಸಂಜೆಯೊಳಗೆ ಅಧಿಕಾರಿಗೆ ವರದಿ ಕೊಡಬೇಕಿತ್ತು. ಲಾಭವಿದ್ದರೆ ಮುಂದಿನ ವರ್ಷವೂ ಪಂದ್ಯ. ಪಂದ್ಯವಿದ್ದರೆ ಅವನ ತಾತ್ಕಾಲಿಕ ನೌಕರಿ. ಇಲ್ಲವಾದರೆ ಎರಡಕ್ಕೂ ಎಳ್ಳುನೀರು.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಸರು ಮೆತ್ತಿದ ಸವಾರರು ಗೋಡೆಗೊರಗಿ ನಿಂತೇ ತಿನ್ನುತ್ತಿದ್ದರು. ಮಾಲೀಕ ಚೀಲ ನೋಡಿದ, ಗಲ್ಲಾಪೆಟ್ಟಿಗೆ ಮುಚ್ಚಿದ.

"ವ್ಯಾಪಾರ ಎಲ್ಲಿ ಸ್ವಾಮಿ? ನೊಣ ಹೊಡೀತಾ ಕೂತಿದೀನಿ."

"ಮತ್ತೆ ಇಷ್ಟು ಜನ?"

"ಎಲ್ಲ ನಮ್ಮ ನೆಂಟರು."

ಸೈಕಲ್ ರಿಪೇರಿಯವನು, ಪುಣ್ಯಕ್ಕೆಂದು ಪಂಕ್ಚರ್ ಹಾಕುತ್ತಿದ್ದೇನೆ ಎಂದ. ಔಷಧಿ ಅಂಗಡಿಯವಳು, ಬಿದ್ದವರೆಲ್ಲ ಬ್ಯಾಂಡೇಜನ್ನು ಮನೆಯಿಂದಲೇ ತಂದಿದ್ದಾರೆ ಎಂದಳು. ಗುಮಾಸ್ತ ಹಿಂದೆ ತಿರುಗಿದಾಗಲೆಲ್ಲ ಯಾರೋ ಯಾರಿಗೋ ಫೋನು ಮಾಡುತ್ತಿದ್ದರು. ಮುಂದಿನ ಅಂಗಡಿಯ ಬಾಗಿಲು ಅಷ್ಟರಲ್ಲಿ ಅರ್ಧ ಇಳಿದಿರುತ್ತಿತ್ತು. ಇವರೆಲ್ಲ ಸೇರಿ ತನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆಂಬ ಗುಮಾನಿ ಅವನಿಗೆ ಬಲವಾಯಿತು.

ಮಧ್ಯಾಹ್ನ ಮನೆಗೆ ಬಂದರೆ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದಳು. ಇಷ್ಟೇಕೆಂದರೆ ರಾತ್ರಿಗೂ ಆಗಲಿ ಎಂದಳು. ಮಹಡಿಗೆ ಮಾತ್ರ ಹೋಗಬೇಡಿ, ಇಲಿಪಾಷಾಣ ಇಟ್ಟಿದ್ದೇನೆ ಎಂದಳು. ಊರನ್ನೆಲ್ಲ ಅನುಮಾನಿಸಿದ ಆಸಾಮಿ ಇದೊಂದನ್ನು ನಂಬಿ, ಉಂಡು ಹೊರಟ.

ಸಂಜೆ ಅಧಿಕಾರಿ 'ಲಾಭ: ಇಲ್ಲ' ಎಂಬ ವರದಿ ನೋಡಿದರು, ಆಮೇಲೆ ಚೀಲ ನೋಡಿದರು.

"ಇದನ್ನ ಹಾಕ್ಕೊಂಡು ಹೋದ್ರೆ ಯಾರ್ರೀ ನಿಜ ಹೇಳ್ತಾರೆ?"

ಗುಮಾಸ್ತ ಮುದ್ರೆಯನ್ನು ಆಗಷ್ಟೇ ಕಂಡು ಇಂಗು ತಿಂದ ಮಂಗನಂತಾದ. ನಾಳೆ ಚೀಲವಿಲ್ಲದೆ ಹೋಗಿ ಮತ್ತೆ ಕೇಳುತ್ತೇನೆಂದು ಅಂಗಲಾಚಿದ.

"ಬೇಡ. ಸವಾರರನ್ನೇ ವಿಚಾರಿಸಿದೀನಿ. ಊಟ, ವಸತಿಗೆ ಚೆನ್ನಾಗಿ ಖರ್ಚು ಮಾಡಿದಾರೆ. ಪಂದ್ಯ ಮುಂದಿನ ವರ್ಷಾನೂ ಇರತ್ತೆ."

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

"ಈ ಕೆಲಸಕ್ಕೆ ಮಾತ್ರ ನಿಮ್ಮ ಬದಲು ಬೇರೆಯವರನ್ನ ನೋಡ್ಕೋತೀನಿ. ಎಲ್ಲರಿಗಿಂತ ಜಾಸ್ತಿ ಬಾಡಿಗೆ ತಗೊಂಡ ಮನೇನೇ ನೀವು ಮುಚ್ಚಿಟ್ಟಿದೀರಿ. ನಿಮ್ಮ ಮನೆ ಮಹಡೀಲಿ ಎಂಟು ಜನ ಸವಾರರು ಇದಾರಂತಲ್ಲ."

ಅವನು ಓಡುತ್ತ ಮನೆಗೆ ಬಂದಾಗ ಮಹಡಿಯ ಮೆಟ್ಟಿಲ ತುಂಬ ಕೆಸರಿನ ಬೂಟುಗಳಿದ್ದವು. ಹೆಂಡತಿ ತಟ್ಟೆಗಳನ್ನು ಹೊತ್ತು ಮೇಲೇರುತ್ತಿದ್ದಳು.

"ನಂಗೊಂದು ಮಾತು ಹೇಳಬಾರದಾಗಿತ್ತಾ?" ಎಂದ ಅವನ ದನಿ ಅಳುವಿಗೆ ಬಂದಿತ್ತು.

"ಹೇಳೋಣ ಅಂತಲೇ ಇದ್ದೆ ಕಣ್ರೀ," ಎಂದಳು ಅವಳು. "ಅಷ್ಟರಲ್ಲಿ ನೀವು ಆ ಚೀಲ ಹಾಕ್ಕೊಂಡ್ರಿ."